ಎತ್ತರದ ಅಲಿಯಮ್ ಗಡ್ಡೆಗಳು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದು ಬೇಡ

ಸೆಪ್ಟೆಂಬರ್ ಬಂತೆಂದರೆ ಇಂಗ್ಲೆಂಡಿನ ಗಾರ್ಡನ್ ಸೆಂಟರ್‌ಗಳಲ್ಲಿ, ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಅಲಿಯಮ್ ಗಡ್ಡೆಗಳ ಸಾಲು ಶುರುವಾಗುತ್ತದೆ. ಪ್ಯಾಕೆಟ್ ಯಾವುದೇ ಇರಲಿ, ಚಿತ್ರ ಹೆಚ್ಚುಕಡಿಮೆ ಒಂದೇ: ನೀಳವಾದ ಬರಿದಂಟು, ತುದಿಯಲ್ಲಿ ನೇರಳೆ ಬಣ್ಣದ ದುಂಡನೆಯ ಹೂಚೆಂಡು. ಬೆಲೆ ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಗ್ಲೋಬ್‌ಮಾಸ್ಟರ್ ಗಡ್ಡೆ ಕೊಳ್ಳುವ ದುಡ್ಡಿಗೆ ಸುಮಾರು ಹತ್ತು ಪರ್ಪಲ್ ಸೆನ್ಸೇಶನ್ ಗಡ್ಡೆ ಬರುತ್ತವೆ. ಈ ವ್ಯತ್ಯಾಸಕ್ಕೆ ಅರ್ಥವಿದೆಯೇ, ಹಿತ್ತಲಿನ ನಾಲ್ಕಡಿ ಪಾತಿಗೆ ಯಾವುದು ಹೊಂದುತ್ತದೆ, ಹಾಕಿದ ದುಡ್ಡು ಎರಡನೆಯ ವರ್ಷಕ್ಕೂ ಉಳಿಯುತ್ತದೆಯೇ ಎಂಬುದನ್ನು ತಳಿವಾರು ನೋಡೋಣ. ತೀರ್ಪು ಮೊದಲೇ ಹೇಳುವುದಾದರೆ, ಚಿತ್ರ ನೋಡಿ ಕೊಳ್ಳಬೇಡಿ, ಗಡ್ಡೆಯ ಸುತ್ತಳತೆ ಮತ್ತು ತಳಿಯ ಹೆಸರು ನೋಡಿ ಕೊಳ್ಳಿ. ಈ ಗಿಡದ ದುರ್ಬಲ ಭಾಗ ಹೂವಲ್ಲ, ಎಲೆ. ಎಲೆಗೆ ಏನು ವ್ಯವಸ್ಥೆ ಎಂದು ಮೊದಲೇ ಯೋಚಿಸದೆ ಕೊಂಡರೆ ಅತ್ಯುತ್ತಮ ಗಡ್ಡೆಯೂ ಪಾತಿಯನ್ನು ಕೆಡಿಸುತ್ತದೆ.

ಇದು ನಮ್ಮ ಈರುಳ್ಳಿ, ಬೆಳ್ಳುಳ್ಳಿಯ ಕುಲವೇ. ಎಲೆಯನ್ನು ಹಿಸುಕಿದರೆ ಅದೇ ಘಾಟು. ಎತ್ತರದ ಜಾತಿಗಳಲ್ಲಿ ಹೆಚ್ಚಿನವು ಮಧ್ಯ ಏಷ್ಯಾದ ಬೆಟ್ಟಸಾಲುಗಳವು. ಅಲಿಯಮ್ ಜೈಗ್ಯಾಂಟಿಯಮ್ ಜಾತಿಗೆ ಹೆಸರಿಟ್ಟವರು ಸೇಂಟ್ ಪೀಟರ್ಸ್‌ಬರ್ಗ್ ಸಸ್ಯೋದ್ಯಾನದ ಎಡ್ವರ್ಡ್ ರೀಗಲ್, 1883ರಲ್ಲಿ. ಆ ಸೀಮೆಯಲ್ಲಿ ಚಳಿಗಾಲ ಕೊರೆಯುತ್ತದೆ, ವಸಂತದಲ್ಲಿ ಹಿಮ ಕರಗಿ ನೀರು ಸಿಗುತ್ತದೆ, ಬೇಸಿಗೆಯಲ್ಲಿ ನೆಲ ಬಿರಿಯುವಷ್ಟು ಒಣಗುತ್ತದೆ. ಸಿಕ್ಕ ಅಲ್ಪಕಾಲದ ನೀರಿನಲ್ಲಿ ಎಲೆ ಬೆಳೆದು, ಗಡ್ಡೆಗೆ ಆಹಾರ ತುಂಬಿಸಿ, ಹೂ ಅರಳುವ ಹೊತ್ತಿಗೆ ಎಲೆ ಸಾಯುವುದು ಅಲ್ಲಿನ ಲೆಕ್ಕ. ಈ ಮೂರು ಕಾಲಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಅರ್ಧಕ್ಕರ್ಧ ತೊಂದರೆಗಳ ಕಾರಣ ತಾನಾಗಿಯೇ ತಿಳಿಯುತ್ತದೆ.

ಮೊದಲು ಗ್ಲೋಬ್‌ಮಾಸ್ಟರ್. ಕ್ರಿಸ್ಟೋಫಿಯೈ ಮತ್ತು ಮ್ಯಾಕ್ಲೀನಿಯೈ ಎಂಬ ಎರಡು ಜಾತಿಗಳ ಮಿಶ್ರತಳಿ. ಎತ್ತರ 80 ಸೆಂ.ಮೀ.ನಿಂದ 1 ಮೀಟರ್, ಅಂದರೆ ಎತ್ತರದಲ್ಲಿ ಇದು ಮೊದಲನೆಯದಲ್ಲ. ಆದರೆ ಹೂಚೆಂಡಿನ ಅಗಲ 15ರಿಂದ 20 ಸೆಂ.ಮೀ., ಗಡ್ಡೆ ದಪ್ಪವಿದ್ದರೆ ಇನ್ನೂ ಹೆಚ್ಚು. ಬೆಲೆಗೆ ನಿಜವಾದ ಕಾರಣ ಬೇರೆ: ಇದು ಬೀಜ ಕಟ್ಟದ ಬಂಜೆ ತಳಿ. ಪರಾಗಸ್ಪರ್ಶವಾದ ಕೂಡಲೇ ಹೂವನ್ನು ಮುಗಿಸಿ ಕಾಯಿಯತ್ತ ಹೊರಳುವ ಆತುರ ಇದಕ್ಕಿಲ್ಲ. ಹತ್ತಿರದಿಂದ ನೋಡಿದರೆ ಕಾಣುತ್ತದೆ: ಮೊದಲು ಅರಳಿದ ನಕ್ಷತ್ರಾಕಾರದ ಚಿಕ್ಕ ಹೂಗಳು ಬಾಡತೊಡಗಿದಾಗ, ಅವುಗಳ ಸಂದಿಯಿಂದ ಹಸಿರು ಮೊಗ್ಗುಗಳ ಎರಡನೆಯ ತಂಡ ತಲೆಯೆತ್ತಿ, ಅದೇ ಚೆಂಡಿನ ಒಳಗೇ ಅರಳುತ್ತದೆ. ಹಾಗಾಗಿ ಬೇರೆ ತಳಿಗಳು ಎರಡು ಮೂರು ವಾರಕ್ಕೆ ಮಾಸಿದರೆ ಇದು ಜೂನ್ ತಿಂಗಳಿಡೀ ಬಣ್ಣ ಹಿಡಿದುಕೊಂಡಿರುತ್ತದೆ. ಎಲೆಯೂ ಅಗಲ, ಹೊಳಪಿನ ಹಸಿರು, ಉಳಿದವುಗಳಿಗಿಂತ ತಡವಾಗಿ ಹಳದಿಯಾಗುತ್ತದೆ. ದಂಟು ಗಟ್ಟಿ, ಕಡ್ಡಿಯ ಆಸರೆ ಬೇಕಿಲ್ಲ. ನೀರು ಬಸಿಯುವ ಬಿಸಿಲು ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಬಂದೇ ಬರುತ್ತದೆ, ಬುಡದಲ್ಲಿ ಮರಿಗಡ್ಡೆಯನ್ನೂ ಕೊಡುತ್ತದೆ. ಐದು ಗಡ್ಡೆ ಕೊಳ್ಳುವ ಶಕ್ತಿಯಿದ್ದರೆ ಕಣ್ಣುಮುಚ್ಚಿ ಕೊಳ್ಳಿ. ಒಂದೇ ಒಂದನ್ನು ಕೊಂಡು ಪಾತಿಯ ನಡುವೆ ನೆಟ್ಟರೆ ಮಾತ್ರ ಅದು ಅನಾಥವಾಗಿ ಕಾಣುತ್ತದೆ. ಮೂರಕ್ಕಿಂತ ಕಡಿಮೆ ಬೇಡ.

ಎತ್ತರವೇ ಬೇಕೆಂದರೆ ಅಂಬಾಸಡರ್ ಮತ್ತು ಗ್ಲಾಡಿಯೇಟರ್ ನಡುವೆ ಆರಿಸಬೇಕು. ಎರಡೂ 1.2 ಮೀಟರ್ ಆಸುಪಾಸು, ಒಳ್ಳೆಯ ಮಣ್ಣಿನಲ್ಲಿ ತುಸು ಹೆಚ್ಚು. ಗ್ಲಾಡಿಯೇಟರ್ ಮೇ ಕೊನೆಗೆ ಅರಳುತ್ತದೆ, ಬಣ್ಣ ತಿಳಿನೇರಳೆ, ಚೆಂಡು 15 ಸೆಂ.ಮೀ. ಸುತ್ತ. ಅಂಬಾಸಡರ್ ಅದಕ್ಕಿಂತ ತಡ, ಜೂನ್‌ನಲ್ಲಿ, ಬಣ್ಣ ಗಾಢ, ಹೂಗಳು ಒತ್ತೊತ್ತಾಗಿ ಕೂತಿರುವುದರಿಂದ ಚೆಂಡು ದೂರದಿಂದಲೂ ದುಂಡಗೆ ಕಾಣುತ್ತದೆ, ಹೂವಿನ ಕಾಲವೂ ಉದ್ದ. ನಮ್ಮ ಅಂಕ ಅಂಬಾಸಡರ್‌ಗೆ. ಹಾಗೆಂದು ಗ್ಲಾಡಿಯೇಟರ್ ಕಡಿಮೆಯದೇನಲ್ಲ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅವಾರ್ಡ್ ಆಫ್ ಗಾರ್ಡನ್ ಮೆರಿಟ್ ಗ್ಲೋಬ್‌ಮಾಸ್ಟರ್, ಪರ್ಪಲ್ ಸೆನ್ಸೇಶನ್‌ಗಳಂತೆ ಇದಕ್ಕೂ ಇದೆ, ಬೆಲೆಯೂ ತುಸು ಕೈಗೆಟುಕುವಂತಿದೆ. ಪಾತಿಯ ಹಿಂಭಾಗದಲ್ಲಿ ಏಳೆಂಟು ಹಾಕುವುದಿದ್ದರೆ ಗ್ಲಾಡಿಯೇಟರೇ ಜಾಣತನ.

ಮೊದಲ ಸಲ ಅಲಿಯಮ್ ನೆಡುವವರಿಗೆ ಪರ್ಪಲ್ ಸೆನ್ಸೇಶನ್. 75ರಿಂದ 90 ಸೆಂ.ಮೀ. ಎತ್ತರ, 8–10 ಸೆಂ.ಮೀ. ಚೆಂಡು, ಮೇ ನಡುವಿನಲ್ಲೇ ಹೂ. ಅಷ್ಟು ಅಗ್ಗದಲ್ಲಿ ಅಷ್ಟು ಗಾಢವಾದ ನೇರಳೆ ಬೇರೆ ಯಾವ ಗಡ್ಡೆಯಲ್ಲೂ ಸಿಗುವುದಿಲ್ಲ. ಟ್ಯೂಲಿಪ್ ಮುಗಿದು ಗುಲಾಬಿ ಇನ್ನೂ ಶುರುವಾಗದ ಆ ಖಾಲಿ ಹದಿನೈದು ದಿನಗಳನ್ನು ಇದು ತುಂಬುತ್ತದೆ. ಗ್ಲಾಸ್ಟರ್‌ಶೈರ್‌ನ ಬಾರ್ನ್ಸ್‌ಲಿ ಹೌಸ್‌ನಲ್ಲಿ ರೋಸ್‌ಮರಿ ವೆರಿ ಹಳದಿ ಲಬರ್ನಮ್ ಚಪ್ಪರದ ಕೆಳಗೆ ನೇರಳೆ ಅಲಿಯಮ್ ಸಾಲು ನೆಟ್ಟು ಮಾಡಿದ ದಾರಿ ಇಂದಿಗೂ ತೋಟಗಾರರ ಬಾಯಲ್ಲಿದೆ. ಮೇಲೆ ಹಳದಿ, ಕೆಳಗೆ ನೇರಳೆ ಎಂಬ ಆ ಜೋಡಿಯನ್ನು ಚಿಕ್ಕ ಹಿತ್ತಲಿನಲ್ಲೂ ಹಳದಿ ಹೂವಿನ ಯಾವುದಾದರೂ ಪೊದೆಯ ಬುಡದಲ್ಲಿ ಮಾಡಬಹುದು. ಲಬರ್ನಮ್ ಬೀಜ ವಿಷ, ಮಕ್ಕಳಿರುವ ಮನೆಯಲ್ಲಿ ಬೇರೆ ಪೊದೆ ನೋಡಿ. ಪರ್ಪಲ್ ಸೆನ್ಸೇಶನ್‌ನ ಕೊರತೆ ಒಂದೇ: ಬೀಜ ಉದುರಿ ತಾನೇ ಮೊಳೆಯುತ್ತದೆ, ಆ ಸಸಿಗಳ ಬಣ್ಣ ತಾಯಿಯಷ್ಟು ಗಾಢವಿರುವುದಿಲ್ಲ. ಕೆಲವು ವರ್ಷಗಳಲ್ಲಿ ಪಾತಿಯ ಬಣ್ಣವೇ ತೆಳುವಾಗಿ, ಗಡ್ಡೆ ಕೆಟ್ಟಿತೆಂದು ಜನ ದೂರುತ್ತಾರೆ. ಕೆಟ್ಟದ್ದು ಗಡ್ಡೆಯಲ್ಲ, ಮೂಲ ಗಡ್ಡೆಗಳ ನಡುವೆ ಬೀಜದ ಸಸಿಗಳು ತುಂಬಿಕೊಂಡಿರುತ್ತವೆ. ಬೀಜ ಕಪ್ಪಾಗುವ ಮೊದಲೇ ಹೂಚೆಂಡನ್ನು ಕತ್ತರಿಸಿದರೆ ಈ ಸಮಸ್ಯೆಯಿಲ್ಲ.

ಜೈಗ್ಯಾಂಟಿಯಮ್ ಬಗ್ಗೆ ಹೆಸರು ನೋಡಿ ಮರುಳಾಗುವವರೇ ಹೆಚ್ಚು. ಒಂದೂವರೆ ಮೀಟರ್ ಮೀರುವ, ಕೆಲವೊಮ್ಮೆ ಎರಡರ ಹತ್ತಿರ ಹೋಗುವ ದಂಟು ನಿಜ. ಆದರೆ ಚೆಂಡಿನ ಅಗಲ 10–15 ಸೆಂ.ಮೀ. ಮಾತ್ರ, ಅಂದರೆ ಎತ್ತರಕ್ಕೆ ಹೋಲಿಸಿದರೆ ಚಿಕ್ಕದು. ಹೂ ಬರುವ ಮೊದಲೇ ಎಲೆಗಳು ಒಣಗಿ ನೆಲಕ್ಕೊರಗುತ್ತವೆ. ಚಳಿಗಾಲದಲ್ಲಿ ಒದ್ದೆಯಾಗಿಯೇ ಇರುವ ಜೇಡಿಮಣ್ಣಿನಲ್ಲಿ ಮೊದಲು ಕೊಳೆಯುವುದೂ ಇದೇ. ಲಂಡನ್ ಸುತ್ತಮುತ್ತಲ ಗಟ್ಟಿ ಜೇಡಿಯಲ್ಲಿ ಇದನ್ನು ನೆಟ್ಟು ಎರಡನೆಯ ವರ್ಷ ಕಾಯುವುದು ಜೂಜು. ಮರಳು ಮಿಶ್ರಿತ ಇಲ್ಲವೇ ಸುಣ್ಣಕಲ್ಲಿನ ನೆಲವಿರುವವರು ಧೈರ್ಯವಾಗಿ ಕೊಳ್ಳಬಹುದು. ಉಳಿದವರಿಗೆ ಅದೇ ಎತ್ತರಕ್ಕೆ ಸಮ್ಮರ್ ಡ್ರಮ್ಮರ್ ಉತ್ತಮ. 1.5ರಿಂದ 2 ಮೀಟರ್ ಹೋಗುತ್ತದೆ, ಜುಲೈನಲ್ಲಿ ಅರಳುತ್ತದೆ, ಎಲೆಗಳು ನೆಲದಲ್ಲಷ್ಟೇ ಅಲ್ಲದೆ ದಂಟಿನ ಮೇಲೂ ಇರುವುದರಿಂದ ಗಿಡ ಬೋಳಾಗಿ ಕಾಣುವುದಿಲ್ಲ. ಚೆಂಡಿನಲ್ಲಿ ನೇರಳೆ ಮತ್ತು ಬಿಳಿ ಬೆರೆತಿರುವುದರಿಂದ ಬಣ್ಣ ಸ್ವಲ್ಪ ಮಾಸಲು ಎನಿಸಬಹುದು. ಗಾಢ ಬಣ್ಣವೇ ಬೇಕೆನ್ನುವವರಿಗೆ ಇದು ರುಚಿಸಲಿಕ್ಕಿಲ್ಲ.

ಬಿಳಿಯಲ್ಲಿ ಮೌಂಟ್ ಎವರೆಸ್ಟ್, 1 ಮೀಟರ್ ದಾಟುತ್ತದೆ, ನೇರಳೆಯ ನಡುವೆ ಅಲ್ಲೊಂದು ಇಲ್ಲೊಂದು ನಿಂತರೆ ಚೆನ್ನ, ಬರೀ ಅದನ್ನೇ ಹಾಕಬೇಡಿ: ಬಾಡುವಾಗ ಬಿಳಿ ಕಂದಾಗುವುದು ಎದ್ದು ಕಾಣುತ್ತದೆ. ಡ್ರಮ್‌ಸ್ಟಿಕ್ ಎಂದು ಮಾರುವ ಸ್ಫೀರೋಸೆಫಲನ್ ಗಡ್ಡೆಗಳು ಗೋಲಿಯಷ್ಟೇ ಗಾತ್ರ, ತುಂಬ ಅಗ್ಗ, ಜುಲೈನಲ್ಲಿ 60–90 ಸೆಂ.ಮೀ. ದಂಟಿನ ಮೇಲೆ ಮೊಟ್ಟೆಯಾಕಾರದ ಪುಟ್ಟ ಕೆನ್ನೇರಳೆ ಹೂ. ಹುಲ್ಲುಗಿಡಗಳ ನಡುವೆ ಐವತ್ತು ಚೆಲ್ಲಿಬಿಡಿ. ಕ್ರಿಸ್ಟೋಫಿಯೈ ಎತ್ತರದ್ದಲ್ಲ, ಅರ್ಧ ಮೀಟರ್ ಅಷ್ಟೇ, ಆದರೆ 20 ಸೆಂ.ಮೀ. ಅಗಲದ ಬೆಳ್ಳಿ ಹೊಳಪಿನ ಚೆಂಡು ಒಣಗಿದ ಮೇಲೂ ಚಳಿಗಾಲದವರೆಗೆ ಹೂದಾನಿಯಲ್ಲಿ ಉಳಿಯುತ್ತದೆ. ಎತ್ತರದ ಸಾಲಿನ ಮುಂದೆ ನೆಡಲು ಇದಕ್ಕಿಂತ ಒಳ್ಳೆಯದು ಕಾಣೆ.

ಇನ್ನು ಕೊಳ್ಳುವ ಮಾತು. ಹಾಲೆಂಡಿನಿಂದ ಬರುವ ಗಡ್ಡೆಗಳನ್ನು ಸುತ್ತಳತೆಯ ಲೆಕ್ಕದಲ್ಲಿ ವಿಂಗಡಿಸುತ್ತಾರೆ, ಸೆಂ.ಮೀ.ನಲ್ಲಿ. ಒಳ್ಳೆಯ ಗ್ಲೋಬ್‌ಮಾಸ್ಟರ್, ಗ್ಲಾಡಿಯೇಟರ್, ಅಂಬಾಸಡರ್ ಗಡ್ಡೆ 20 ಇಲ್ಲವೇ ಅದಕ್ಕಿಂತ ಹೆಚ್ಚು ಇರಬೇಕು. ಪರ್ಪಲ್ ಸೆನ್ಸೇಶನ್‌ಗೆ 12 ಸಾಕು. ಗ್ಲೋಬ್‌ಮಾಸ್ಟರ್ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಈ ಸಂಖ್ಯೆ ನೋಡಿ. ಚಿಕ್ಕ ಗಡ್ಡೆ ಮೊದಲ ವರ್ಷ ಬರೀ ಎಲೆ ಬಿಡುತ್ತದೆ, ಇಲ್ಲವೇ ಕಿತ್ತಳೆ ಗಾತ್ರದ ಹೂ ಕೊಡುತ್ತದೆ. ಸಂಖ್ಯೆಯನ್ನೇ ಬರೆಯದ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟುಬಿಡಿ. ಬಿಡಿಯಾಗಿ ಡಬ್ಬದಿಂದ ಆರಿಸಿಕೊಳ್ಳುವ ಅವಕಾಶವಿದ್ದರೆ ಗಡ್ಡೆಯನ್ನು ತಿರುಗಿಸಿ ಬೇರು ಹೊರಡುವ ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ. ಅದು ಗಟ್ಟಿಯಾಗಿ, ಒಣಗಿ, ಇಡಿಯಾಗಿರಬೇಕು. ಒತ್ತಿದಾಗ ಒಳಗೆ ಕುಸಿದರೆ ಅಥವಾ ಕಂದುಬಣ್ಣದ ಉಂಗುರ ಕಂಡರೆ ಬುಡಕೊಳೆ ಶುರುವಾಗಿದೆ ಎಂದೇ ಅರ್ಥ. ಗಾತ್ರಕ್ಕೆ ತಕ್ಕ ತೂಕವೂ ಇರಬೇಕು, ಹಗುರವಾಗಿದ್ದರೆ ಒಳಗೆ ಬತ್ತಿದೆ. ಹೊರಸಿಪ್ಪೆ ಸುಲಿದುಹೋಗಿದ್ದರೆ ಚಿಂತೆಯಿಲ್ಲ. ಸಿಪ್ಪೆಯ ಮೇಲೆ ಅಲ್ಲಲ್ಲಿ ನೀಲಿಹಸಿರು ಬೂಷ್ಟು ಇದ್ದು ಗಡ್ಡೆ ಗಟ್ಟಿಯಾಗಿದ್ದರೆ ಒರೆಸಿ ನೆಡಬಹುದು. ಕತ್ತು ಮೆತ್ತಗಾಗಿದ್ದರೆ ಮಾತ್ರ ಬೇಡವೇ ಬೇಡ. ಅಂಗಡಿಯ ಹೀಟರ್ ಪಕ್ಕದಲ್ಲಿ ನವೆಂಬರ್‌ವರೆಗೆ ಕೂತ ಗಡ್ಡೆಗಳನ್ನು ರಿಯಾಯಿತಿಯಲ್ಲಿ ಮಾರುತ್ತಾರೆ. ಡ್ರಮ್‌ಸ್ಟಿಕ್‌ನಂಥ ಅಗ್ಗದ್ದಾದರೆ ಸರಿ, ದುಬಾರಿ ತಳಿಗಳಲ್ಲಿ ಆ ಸಾಹಸ ಬೇಡ.

ನೆಡಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಕಾಲ. ದೊಡ್ಡ ತಳಿಗಳಿಗೆ ಅಕ್ಟೋಬರ್ ದಾಟಿಸದಿರುವುದೇ ಮೇಲು, ಏಕೆಂದರೆ ಮಣ್ಣು ತಣ್ಣಗಾಗುವ ಮೊದಲೇ ಬೇರು ಇಳಿಯಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಹಿಡಿಯಿರಿ. ಆಳದ ಲೆಕ್ಕ ಗಡ್ಡೆಯ ಎತ್ತರದ ಮೂರರಿಂದ ನಾಲ್ಕು ಪಟ್ಟು. ದೊಡ್ಡ ಗಡ್ಡೆಗೆ ಇದು 20 ಸೆಂ.ಮೀ. ಸುತ್ತ ಬರುತ್ತದೆ, ಚಿಕ್ಕವಕ್ಕೆ 10–15. ಬಲ್ಬ್ ನೆಡುವ ಕೊಳವೆಯಾಕಾರದ ಸಾಧನ ದೊಡ್ಡ ಗಡ್ಡೆಗೆ ಸಾಲದು, ಅದರ ಬಾಯಿ ಕಿರಿದು, ಆಳವೂ ಕಡಿಮೆ. ಸನಿಕೆಯಿಂದ ಅಗಲವಾದ ಒಂದೇ ಗುಂಡಿ ತೆಗೆದು ಐದು ಗಡ್ಡೆಯನ್ನು ಒಟ್ಟಿಗೆ ಇಡುವುದು ಸುಲಭ, ನೋಟಕ್ಕೂ ಸಹಜ. ಗಡ್ಡೆಗಳ ನಡುವೆ 20ರಿಂದ 30 ಸೆಂ.ಮೀ. ಬಿಡಿ, ಡ್ರಮ್‌ಸ್ಟಿಕ್‌ಗೆ 10 ಸಾಕು. ತಳದ ಮಣ್ಣನ್ನು ಇನ್ನೊಂದು ಅರ್ಧ ಅಡಿ ಸಡಿಲಗೊಳಿಸಿ. ಗಡ್ಡೆಯ ಕೆಳಗೆ ಗಾಳಿ ಸಂದಿ ಉಳಿದರೆ ಅಲ್ಲಿ ನೀರು ನಿಂತು ತಟ್ಟೆ ಕೊಳೆಯುತ್ತದೆ, ಆದ್ದರಿಂದ ಗಡ್ಡೆಯನ್ನು ತುಸು ತಿರುವಿ ಮಣ್ಣಿಗೆ ಕೂರಿಸಿ. ನೆಟ್ಟ ಜಾಗದಲ್ಲಿ ಒಂದು ಗುರುತಿನ ಕಡ್ಡಿ ಇಡಿ. ಚಳಿಗಾಲದಲ್ಲಿ ಪಾತಿ ಅಗೆಯುವಾಗ ಸನಿಕೆಗೆ ಸಿಕ್ಕಿ ಎರಡು ಹೋಳಾಗುವ ಗಡ್ಡೆಗಳಿಗೆ ಲೆಕ್ಕವಿಲ್ಲ.

ಜೇಡಿಮಣ್ಣಿನಲ್ಲಿ ಗುಂಡಿಯ ತಳಕ್ಕೆ ಒಂದು ಹಿಡಿ ಜಲ್ಲಿಪುಡಿ ಹಾಕಿ ಎಂಬ ಸಲಹೆಯನ್ನು ಎಲ್ಲೆಡೆ ಕೇಳುತ್ತೀರಿ. ಅದೊಂದರಿಂದಲೇ ಕೆಲಸವಾಗುವುದಿಲ್ಲ. ಸುತ್ತಲೂ ನೀರು ಇಳಿಯದ ಜೇಡಿ ಇರುವಾಗ ನಡುವಿನ ಗುಂಡಿ ನೀರು ತುಂಬುವ ಬಟ್ಟಲಾಗುತ್ತದೆ, ಗಡ್ಡೆ ಅದರೊಳಗೇ ಕೂತಿರುತ್ತದೆ. ಇಡೀ ಪಾತಿಯ ಮೇಲ್ಮಣ್ಣಿಗೆ ಗ್ರಿಟ್ ಮತ್ತು ಹಳೆಯ ಎಲೆಗೊಬ್ಬರ ಸೇರಿಸಿ ಅಗೆದು, ಪಾತಿಯನ್ನೇ ಅರ್ಧ ಅಡಿ ಏರಿಸುವುದು ನಿಜವಾದ ಪರಿಹಾರ. ಅಷ್ಟು ಮಾಡಲಾಗದಿದ್ದರೆ ದುಬಾರಿ ಗಡ್ಡೆಗಳನ್ನು ಕುಂಡದಲ್ಲಿ ಬೆಳೆಯಿರಿ. 45 ಸೆಂ.ಮೀ. ಅಗಲ, ಅಷ್ಟೇ ಆಳದ ಕುಂಡಕ್ಕೆ ಮೂರು ಗ್ಲೋಬ್‌ಮಾಸ್ಟರ್. ಮಣ್ಣಿನ ಮಿಶ್ರಣದಲ್ಲಿ ಕಾಲು ಭಾಗ ಗ್ರಿಟ್ ಇರಲಿ, ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತಿಡಿ. ತಳದ ತೂತು ಕಟ್ಟಿ ಜನವರಿಯ ಮಳೆ ನಿಂತರೆ ಒಂದೇ ತಿಂಗಳಲ್ಲಿ ಕಥೆ ಮುಗಿಯುತ್ತದೆ.

ಫೆಬ್ರವರಿ ಮಾರ್ಚ್‌ನಲ್ಲಿ ಎಲೆ ನೆಲ ಸೀಳಿ ಬರುತ್ತಲೇ ಸಾಮಾನ್ಯ ಗೊಬ್ಬರವನ್ನು ಚದರ ಮೀಟರ್‌ಗೆ ಸುಮಾರು 35 ಗ್ರಾಂ ಉದುರಿಸಿದರೆ ಸಾಕು. ಸಾರಜನಕ ಹೆಚ್ಚಿರುವ ಹುಲ್ಲಿನ ಗೊಬ್ಬರ ಹಾಕಿದರೆ ದಂಟು ಮೆತ್ತಗಾಗಿ ಬಾಗುತ್ತದೆ. ಎಲೆ ಹಸಿರಿರುವವರೆಗೆ ಹದಿನೈದು ದಿನಕ್ಕೊಮ್ಮೆ ಟೊಮ್ಯಾಟೊಗೆ ಹಾಕುವ ಪೊಟಾಷ್ ದ್ರವಗೊಬ್ಬರ ಕೊಟ್ಟರೆ ಮುಂದಿನ ವರ್ಷದ ಗಡ್ಡೆ ತುಂಬುತ್ತದೆ. ಎಲೆ ಒಣಗಿದ ಮೇಲೆ ನೀರೂ ಬೇಡ, ಗೊಬ್ಬರವೂ ಬೇಡ.

ಎಲೆಯ ವಿಷಯ ಬೇಕೆಂದೇ ಇಲ್ಲಿಯವರೆಗೆ ಇಟ್ಟುಕೊಂಡೆವು. ಮೇ ತಿಂಗಳಲ್ಲಿ ಮೊಗ್ಗು ಇನ್ನೂ ತೆಳುಪೊರೆಯ ಚೀಲದೊಳಗಿರುವಾಗಲೇ ಎಲೆಯ ತುದಿ ಹಳದಿಯಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹೊಸಬರು ಇದನ್ನು ರೋಗವೆಂದು ತಿಳಿದು ನೀರು ಸುರಿಯುತ್ತಾರೆ, ಇಲ್ಲವೇ ಅಂದಗೆಟ್ಟಿತೆಂದು ಬುಡಕ್ಕೆ ಕತ್ತರಿಸುತ್ತಾರೆ. ಎರಡೂ ತಪ್ಪು. ಹಸಿರು ಉಳಿದಿರುವ ಎಲೆಯನ್ನು ಕತ್ತರಿಸಿದಷ್ಟೂ ಮುಂದಿನ ವರ್ಷದ ಹೂ ಕುಗ್ಗುತ್ತದೆ. ಪೂರ್ತಿ ಒಣಗಿ, ಎಳೆದರೆ ತಾನಾಗಿ ಕೈಗೆ ಬರುವವರೆಗೂ ಕಾಯಬೇಕು. ಹಾಗಿದ್ದರೆ ಮರೆ ಮಾಡುವುದೇ ದಾರಿ. ಬಹುವಾರ್ಷಿಕ ಜಿರೇನಿಯಮ್, ಕ್ಯಾಟ್‌ಮಿಂಟ್, ಆಲ್ಕೆಮಿಲ್ಲಾ ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಿಡಗಳು. ಚಳಿಗಾಲದಲ್ಲಿ ನೆಲಮಟ್ಟಕ್ಕೆ ಇದ್ದು, ಮೇ ಹೊತ್ತಿಗೆ ಮೊಣಕಾಲೆತ್ತರ ಬಂದು ಒಣಗಿದ ಎಲೆಯನ್ನು ಮುಚ್ಚುತ್ತವೆ, ಹೂದಂಟು ಅವುಗಳ ಮೇಲಿಂದ ಎದ್ದು ನಿಲ್ಲುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಮಾರ್ಚ್‌ನಲ್ಲೇ ದಟ್ಟವಾಗಿ ಹಬ್ಬುವ ನಿತ್ಯಹಸಿರು ಗಿಡದ ನಡುವೆ ಅಲಿಯಮ್ ನೆಟ್ಟರೆ ಎಲೆಗೆ ಬಿಸಿಲೇ ಸಿಗದೆ ಗಡ್ಡೆ ವರ್ಷ ವರ್ಷಕ್ಕೆ ಸಣ್ಣದಾಗುತ್ತದೆ. ಮರೆ ಮಾಡುವ ಗಿಡ ತಡವಾಗಿ ಏಳಬೇಕು.

ಎರಡನೆಯ ವರ್ಷ ಎಲೆ ಬಂದು ಹೂ ಬಾರದಿರುವುದು ಈ ಗಡ್ಡೆಗಳ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು. ಅಂಗಡಿಯವರನ್ನು ಬೈಯುವ ಮೊದಲು ನಾಲ್ಕು ಕಾರಣ ಪರೀಕ್ಷಿಸಿ: ಆಳ ಸಾಲದೆ ಗಡ್ಡೆ ಒಡೆದು ಮರಿಗಳಾಗಿರಬಹುದು, ನೆರಳಿರಬಹುದು, ಹಿಂದಿನ ವರ್ಷ ಎಲೆ ಬೇಗ ಕತ್ತರಿಸಿರಬಹುದು, ಬೇಸಿಗೆಯಲ್ಲಿ ಪಾತಿಗೆ ದಿನವೂ ನೀರು ಬಿದ್ದು ಗಡ್ಡೆಗೆ ವಿಶ್ರಾಂತಿ ಸಿಗದೆ ಹೋಗಿರಬಹುದು. ಮರಿಗಳಾಗಿದ್ದರೆ ಜುಲೈ ಕೊನೆಗೆ ಅಗೆದು, ಕೈಯಿಂದ ಬಿಡಿಸಿ, ದೊಡ್ಡವನ್ನು ಶರತ್ಕಾಲದಲ್ಲಿ ಮತ್ತೆ ಆಳಕ್ಕೆ ನೆಡಿ. ಚಿಕ್ಕವು ಹೂ ಕೊಡಲು ಎರಡು ಮೂರು ವರ್ಷ ಕಾಯಬೇಕು, ಅವಕ್ಕೆ ತರಕಾರಿ ಪಾತಿಯ ಮೂಲೆಯೊಂದನ್ನು ಕೊಡಿ. ದಂಟು ಬಾಗುವುದಕ್ಕೆ ಗಾಳಿಗಿಂತ ಹೆಚ್ಚಾಗಿ ನೆರಳು ಕಾರಣ, ಬೆಳಕಿನ ಕಡೆಗೆ ಅದು ವಾಲುತ್ತದೆ. ಸಮ್ಮರ್ ಡ್ರಮ್ಮರ್, ಜೈಗ್ಯಾಂಟಿಯಮ್ ಎರಡಕ್ಕೆ ಮಾತ್ರ ಗಾಳಿಯ ಜಾಗದಲ್ಲಿ ತೆಳುವಾದ ಬಿದಿರುಕಡ್ಡಿ ಕೊಡಿ.

ಅಳಿಲು, ಮೊಲ, ಜಿಂಕೆ ಹೆಚ್ಚಾಗಿ ಇದರ ತಂಟೆಗೆ ಬರುವುದಿಲ್ಲ. ಟ್ಯೂಲಿಪ್ ಗಡ್ಡೆಗಳನ್ನು ಅಳಿಲಿಗೆ ಕಳೆದುಕೊಂಡು ಬೇಸತ್ತವರಿಗೆ ಇದೊಂದೇ ಗುಣ ಸಾಕು. ಹೊಸದಾಗಿ ಅಗೆದ ಮಣ್ಣನ್ನು ಕುತೂಹಲಕ್ಕೆ ಕೆದಕಿ ಗಡ್ಡೆಯನ್ನು ಮೇಲೆ ಎಸೆಯುವುದುಂಟು, ಮೊದಲ ಎರಡು ವಾರ ಕೋಳಿಬಲೆ ಹಾಸಿದರೆ ಸಾಕು. ಚಿಪ್ಪಿಲ್ಲದ ಬಸವನಹುಳುಗಳು ಎಳೆಯ ಎಲೆಯನ್ನು ಹರಿಯುತ್ತವೆ, ಫೆಬ್ರವರಿಯ ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಮದ್ದು. ಹೆದರಬೇಕಾದದ್ದು ಎರಡಕ್ಕೆ. ಮೊದಲನೆಯದು ಅಲಿಯಮ್ ಎಲೆಸುರಂಗ ನೊಣ, ಬ್ರಿಟನ್ನಿನಲ್ಲಿ 2002ರಲ್ಲಿ ಮೊದಲು ಕಂಡದ್ದು. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಾಲಾಗಿ ಬಿಳಿ ಚುಕ್ಕೆ ಕಂಡರೆ ಅದು ಬಂದಿದೆ ಎಂದು ತಿಳಿಯಿರಿ. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೆ ಕೊರೆದು ಎಲೆ, ದಂಟು ಸೊಟ್ಟಗಾಗುತ್ತವೆ. ಲೀಕ್, ಈರುಳ್ಳಿ ಬೆಳೆಯುವ ಪಾತಿಯ ಪಕ್ಕದಲ್ಲಿ ಅಲಂಕಾರದ ಅಲಿಯಮ್ ನೆಡಬೇಡಿ, ಎರಡೂ ಒಂದಕ್ಕೊಂದು ಹುಳು ಹಂಚಿಕೊಳ್ಳುತ್ತವೆ. ಎರಡನೆಯದು ಬಿಳಿಕೊಳೆ: ಎಲೆ ಹಠಾತ್ತನೆ ಹಳದಿಯಾಗಿ, ಗಿಡ ಕಿತ್ತರೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಗಸಗಸೆಯಷ್ಟು ಕಪ್ಪು ಕಾಳು. ಈ ಕಾಳು ಮಣ್ಣಿನಲ್ಲಿ 15 ವರ್ಷಕ್ಕೂ ಹೆಚ್ಚು ಜೀವ ಹಿಡಿದಿರಬಲ್ಲದು, ಮನೆಯ ತೋಟಗಾರರಿಗೆ ಔಷಧವಿಲ್ಲ. ಅಂಥ ಗಿಡವನ್ನು ಸುತ್ತಲಿನ ಮಣ್ಣು ಸಮೇತ ತೆಗೆದು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಬಿಳಿಕೊಳೆಯಿರುವ ನೆರೆಮನೆಯಿಂದ ಪುಕ್ಕಟೆ ಸಿಕ್ಕ ಗಡ್ಡೆ ಎಲ್ಲಕ್ಕಿಂತ ದುಬಾರಿ.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಈರುಳ್ಳಿಯಂತೆಯೇ ಇವೂ ಅವಕ್ಕೆ ವಿಷ ಎಂಬುದು ನೆನಪಿರಲಿ. ನೆಡುವ ದಿನ ಗಡ್ಡೆಯ ಚೀಲವನ್ನು ನೆಲದಲ್ಲಿ ಬಿಡಬೇಡಿ. ಅಡುಗೆಗೂ ಇವು ಅಲ್ಲ. ಜೇನುನೊಣ, ದುಂಬಿಗಳಿಗೆ ಮಾತ್ರ ಇವು ಪರಮಪ್ರಿಯ. ಬಿಸಿಲಿನ ದಿನ ಒಂದೇ ಚೆಂಡಿನ ಮೇಲೆ ಐದಾರು ದುಂಬಿ ಕೂತಿರುತ್ತವೆ.

ಹಾಲೆಂಡ್ ಪ್ರವಾಸಕ್ಕೆ ಹೋಗಿ ಇವನ್ನು ಕಣ್ಣಾರೆ ನೋಡಿ ಕೊಳ್ಳೋಣವೆಂದು ಕ್ಯೂಕೆನ್‌ಹಾಫ್‌ಗೆ ಹೋಗುವವರಿಗೆ ಒಂದು ಮಾತು. ಆ ತೋಟ ಮೇ ಎರಡನೆಯ ವಾರದ ಸುಮಾರಿಗೆ ಮುಚ್ಚುತ್ತದೆ, ಎತ್ತರದ ಅಲಿಯಮ್‌ಗಳಲ್ಲಿ ಹೆಚ್ಚಿನವು ಅರಳುವುದು ಅದಾದ ಮೇಲೆ. ಮೇ ಕೊನೆಯಲ್ಲಿ ಲಂಡನ್ನಿನ ಚೆಲ್ಸಿ ಹೂಪ್ರದರ್ಶನಕ್ಕೆ ಹೋದರೆ ತಳಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು.

ಕರ್ನಾಟಕದಲ್ಲಿರುವ ಓದುಗರಿಗೆ ಬೇರೆಯೇ ತೀರ್ಪು ಕೊಡಬೇಕಾಗಿದೆ: ಕೊಳ್ಳಬೇಡಿ. ಈ ಗಡ್ಡೆಗಳೊಳಗೆ ಹೂದಂಟು ಉದ್ದವಾಗಲು ಮೂರು ತಿಂಗಳಿಗೂ ಮೀರಿದ, 5 ಡಿಗ್ರಿ ಆಸುಪಾಸಿನ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಯೂ, ಮಡಿಕೇರಿಯ ಜನವರಿಯೂ ಅದಕ್ಕೆ ಸಾಲದು. ಫ್ರಿಜ್ಜಿನಲ್ಲಿಟ್ಟು ನೆಟ್ಟರೆ ಎಲೆ ಬರಬಹುದು, ಹೂ ಬಂದರೂ ಗಿಡ್ಡಗೆ ಬಂದು ಗಡ್ಡೆ ಬಳಲಿ ಹೋಗುತ್ತದೆ. ಆನ್‌ಲೈನ್‌ನಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ‘ಜೈಂಟ್ ಅಲಿಯಮ್ ಬೀಜ’ಗಳ ವಿಷಯದಲ್ಲಂತೂ ಎಚ್ಚರ. ಬೀಜದಿಂದ ದೊಡ್ಡ ಜಾತಿಗಳು ಹೂ ಬಿಡಲು ತಂಪು ದೇಶದಲ್ಲೇ ನಾಲ್ಕೈದು ವರ್ಷ ಬೇಕು. ಗ್ಲೋಬ್‌ಮಾಸ್ಟರ್ ಬೀಜ ಎಂದು ಬರೆದಿದ್ದರೆ ಅದು ಸುಳ್ಳೇ, ಬಂಜೆ ತಳಿಗೆ ಬೀಜವೆಲ್ಲಿ? ಆಕಾಶನೀಲಿ ಬಣ್ಣದ ತೆಂಗಿನಕಾಯಿ ಗಾತ್ರದ ಚೆಂಡಿನ ಚಿತ್ರಗಳು ಕಂಪ್ಯೂಟರಿನಲ್ಲಿ ಬಣ್ಣ ಬಳಿದವು. ನಿಜವಾದ ನೀಲಿ ಬೇಕೆಂದರೆ ಸಿರೂಲಿಯಮ್ ಎಂಬ ಜಾತಿ ಇದೆ, ಅದರ ಚೆಂಡು ಮೂರು ನಾಲ್ಕು ಸೆಂ.ಮೀ. ದಾಟುವುದಿಲ್ಲ.

ಬದಲಿಗೆ ನಮ್ಮ ಹವೆಗೆ ಒಗ್ಗುವ ಎರಡು ದಾರಿಗಳಿವೆ. ಅಗಪಾಂಥಸ್ ಬೆಂಗಳೂರು, ಕೊಡಗು, ಊಟಿಯ ತಂಪಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನೀಳದಂಟು, ತುದಿಯಲ್ಲಿ ನೀಲಿ ಹೂಗೊಂಚಲು, ಎಲೆ ವರ್ಷವಿಡೀ ಹಸಿರು, ನರ್ಸರಿಗಳಲ್ಲಿ ಗಿಡವೇ ಸಿಗುತ್ತದೆ. ಇನ್ನೊಂದು ದಾರಿ ಅಡುಗೆಮನೆಯಲ್ಲೇ ಇದೆ. ಗದಗ, ಧಾರವಾಡದ ಕಡೆ ಬೀಜಕ್ಕೆಂದು ಈರುಳ್ಳಿ ಗಡ್ಡೆ ನಾಟಿ ಮಾಡುವ ರೀತಿಯಲ್ಲೇ ಮಾಡಬೇಕು. ಗಟ್ಟಿಯಾದ, ಮಧ್ಯಮ ಗಾತ್ರದ ಕೆಂಪು ಈರುಳ್ಳಿಯನ್ನು ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಬಿಸಿಲು ಜಾಗದಲ್ಲಿ, ಕತ್ತಿನವರೆಗೆ ಮಣ್ಣು ಬರುವಂತೆ, 30 ಸೆಂ.ಮೀ. ಅಂತರದಲ್ಲಿ ನೆಡಿ. ನೀರು ಹಿತಮಿತವಾಗಿರಲಿ. ಚಳಿ ಇಳಿಯುವ ಹೊತ್ತಿಗೆ ನಡುವೆ ಉಬ್ಬಿದ ಪೊಳ್ಳು ದಂಟುಗಳು ಎದ್ದು, ಒಂದು ಮೀಟರ್ ಹತ್ತಿರದ ಎತ್ತರದಲ್ಲಿ ದುಂಡನೆಯ ಬಿಳಿ ಚೆಂಡುಗಳು ಅರಳುತ್ತವೆ. ಎಲೆಯ ಸಂದಿಯಲ್ಲಿ ಥ್ರಿಪ್ಸ್ ನುಸಿ ಸೇರಿ ಬಿಳಿ ಗೀರು ಬಿದ್ದರೆ ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 5 ಮಿ.ಲೀ.ನಂತೆ, ಎರಡು ಹನಿ ಸೋಪಿನ ದ್ರವ ಬೆರೆಸಿ, ಜೇನು ಬಾರದ ಸಂಜೆ ಹೊತ್ತಿನಲ್ಲಿ ಸಿಂಪಡಿಸಿ. ದಂಟು ಪೊಳ್ಳಾದ್ದರಿಂದ ಗಾಳಿಗೆ ಮುರಿಯುತ್ತದೆ, ಸುತ್ತ ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿ.

ಇಂಗ್ಲೆಂಡಿನಿಂದ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಗಡ್ಡೆ ಹಾಕಿಕೊಂಡು ಬರುವ ಆಸೆ ಹಲವರಿಗೆ ಇರುತ್ತದೆ. ನೆಡುವ ಗಡ್ಡೆಗಳನ್ನು ಭಾರತಕ್ಕೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಹೊರಡುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಈರುಳ್ಳಿ ಬೆಳೆಯುವ ಜಿಲ್ಲೆಗಳಿರುವ ನಾಡಿಗೆ ಬಿಳಿಕೊಳೆಯ ಕಾಳು ಅಂಟಿದ ಗಡ್ಡೆಯೊಂದು ಬಂದರೆ ಆಗುವ ನಷ್ಟ ನಮ್ಮ ಹೂಪಾತಿಯಲ್ಲಿ ನಿಲ್ಲುವುದಿಲ್ಲ. ಆ ನಾಲ್ಕು ಗಡ್ಡೆಗಳನ್ನು ಅಲ್ಲೇ, ಅಕ್ಟೋಬರ್‌ನಲ್ಲಿ, 20 ಸೆಂ.ಮೀ. ಆಳಕ್ಕೆ ನೆಟ್ಟು ಬನ್ನಿ.